ನೆಲದ ಮೇಲೆ ಹೇಳಬಾರದ ಪದ್ಯ

ನನ್ನ ಗಂಡ ಓಕ್ಕೊ ಬಡಗಿಯಾಗಿ ಬದುಕಿದ, ಡಾಕ್ಟರಾಗಿ ಸತ್ತ. ಮದ್ದು ಕೊಡುವ ಡಾಕ್ಟರಲ್ಲ, ಪದ್ಯದ ಡಾಕ್ಟರು. ಊರಲ್ಲಿ ಕೆಲವರು ಅವನ ಹತ್ತಿರ ಮಂಡಿನೋವು ಹೇಳಿಕೊಂಡು ಬಂದದ್ದೂ ಉಂಟು. “ನನ್ನದೂ ನೋಯ್ತದೆ ಮಾರಾಯ, ಕೂತ್ಕೊ” ಎಂದು ಚಹಾ ಕೊಟ್ಟು ಕಳಿಸುತ್ತಿದ್ದ.

ಹೋದ ಅಕ್ಟೋಬರಿನಲ್ಲಿ ತೀರಿಕೊಂಡ. ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಕೋಳಿಗಳಿಗೆ ಕಾಳು ಹಾಕಲು ಹೋದವನು ಗೂಡಿಗೆ ಒರಗಿ ಕೂತಿದ್ದ. ಕೋಳಿಗಳು ಅವನ ಮಡಿಲಿನಿಂದಲೇ ಕಾಳು ತಿನ್ನುತ್ತಿದ್ದವು. ಒಳಗೆ ನೀರು ಕುದಿದು ಬತ್ತಿಹೋಯಿತು. ಆ ಬಗ್ಗೆ ಇಷ್ಟು ಸಾಕು. ನಾನು ಹೇಳಬೇಕೆಂದಿರುವುದು ಆ ಗೂಡಿನ ಕತೆ. ಅದು ಸಂತೋಷದ ಕತೆ. ಅವನಿದ್ದಾಗ ಎಲ್ಲರಿಗೂ ಅವನೇ ಹೇಳುತ್ತಿದ್ದ. ಈಗ ನಾನು ಹೇಳಬೇಕು.

ನಮ್ಮದು ಜರ್ಮನಿಯ ಉತ್ತರದ ತುದಿಯಲ್ಲಿ, ಸಮುದ್ರದ ಪಕ್ಕದ ಊರು. ನೆಲ ಚಪ್ಪಟೆ, ಗಾಳಿ ಜೋರು. ಇಲ್ಲಿ ಎತ್ತರಕ್ಕೆ ಹೋಗಬೇಕೆಂದರೆ ಸಮುದ್ರ ತಡೆಯುವ ಕಟ್ಟೆ ಹತ್ತಬೇಕು, ಇಲ್ಲ ಮನೆಯ ಸೂರಿಗೆ, ಮಾಡಿನ ಮೇಲೆ, ಹತ್ತಬೇಕು. ಓಕ್ಕೊ ಹದಿನಾರನೆಯ ವಯಸ್ಸಿಗೇ ಮಾಡು ಹತ್ತಿದ. ಹಾಯೊ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತ. ನಲವತ್ತು ದಾಟಿದ ಮೇಲೆ ಒಂದು ದನದ ಕೊಟ್ಟಿಗೆಯ ಮಾಡಿನಿಂದ ಜಾರಿ ಬಿದ್ದ. ಮಂಡಿ ಹೋಯಿತು. ಮಾಡು ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಮದ್ದು ಕೊಡುವವರು.

ಆಗ ನಾನು ಮನೆಯಲ್ಲಿ ಕೂತು ಸೀಗಡಿ ಸುಲಿದು ಕೊಡುತ್ತಿದ್ದೆ. ಓಕ್ಕೊ ಎದುರು ಕೂತು ಕಾಲು ಚಾಚಿಕೊಂಡು ನನಗೆ ಓದಿ ಹೇಳುತ್ತಿದ್ದ. ಮೊದಲು ಪೇಪರು ಓದಿದ. ಪೇಪರು ಮುಗಿದ ಮೇಲೆ ಪಂಚಾಂಗ, ಪಂಚಾಂಗ ಮುಗಿದ ಮೇಲೆ ಊರ ಲೈಬ್ರರಿಯ ಪುಸ್ತಕಗಳು. ಕತೆ, ಪದ್ಯ, ನಾಟಕ ಏನೂ ಬಿಡಲಿಲ್ಲ. ನಾಟಕದಲ್ಲಿ ಹೆಂಗಸಿನ ದನಿಯನ್ನೂ ಅವನೇ ಮಾಡುತ್ತಿದ್ದ. ನಾನು ನಗುವುದು ಹೆಚ್ಚಾಗಿ ಸುಲಿಯುವುದು ಕಡಿಮೆಯಾಯಿತು.

“ನೀನು ಹೀಗೆ ಓದ್ತಾ ಕೂತ್ರೆ ನಾನು ಸೀಗಡಿ ಸುಲಿದ ಹಾಗೆಯೇ. ಎಲ್ಲಿಯಾದ್ರೂ ಹೋಗಿ ಓದು” ಎಂದೆ.

ಅವನು ಹೋದ. ಸಂಜೆ ಶಾಲೆಗೆ ಸೇರಿ ದೊಡ್ಡ ಪರೀಕ್ಷೆ ಪಾಸು ಮಾಡಿದ. ಆಮೇಲೆ ರೈಲು ಹತ್ತಿ ಓಲ್ಡನ್‌ಬುರ್ಗ್‌ನ ವಿಶ್ವವಿದ್ಯಾಲಯಕ್ಕೆ ಹೋದ. ಜರ್ಮನ್ ಭಾಷೆ, ಜರ್ಮನ್ ಸಾಹಿತ್ಯ. ಹುಟ್ಟಿದಾಗಿನಿಂದ ಆಡುವ ಭಾಷೆಯನ್ನು ಕಲಿಯಲು ಇಷ್ಟು ದೂರ ಹೋಗಬೇಕೇ ಎಂದು ಪಕ್ಕದ ಮನೆಯ ಟೇಡಾ ಕೇಳಿದಳು. ಟೇಡಾ ಹಾಗೆಯೇ. ಅವಳ ಬಾಯಿಗೂ ನಮ್ಮ ಬೇಲಿಗೂ ಬಾಗಿಲಿಲ್ಲ. ಓಕ್ಕೊ ಉತ್ತರ ಕೊಟ್ಟ, “ನೀನು ಹುಟ್ಟಿದಾಗಿನಿಂದ ಅಡುಗೆ ಉಣ್ತಾ ಇದ್ದೀ. ಮಾಡ್ಲಿಕ್ಕೆ ಬಂತಾ?”

ಆ ದಿನದಿಂದ ಒಂದು ತಿಂಗಳು ಟೇಡಾ ಬೇಲಿಯ ಹತ್ತಿರ ಬರಲಿಲ್ಲ.

ಪದವಿ ಆಯಿತು. ಮೇಲಿನ ಪದವಿಯೂ ಆಯಿತು. ಆಮೇಲೆ ಸಂಶೋಧನೆ. ಅವನಿಗೆ ದಾರಿ ತೋರಿಸುವವರು ಪ್ರೊಫೆಸರ್ ರೊಸ್ವಿತಾ ಕೆಲ್ಲಿಂಗ್, ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು. ನಾನು ಅವರನ್ನು ಮೇಡಂ ಎನ್ನುತ್ತೇನೆ. ಯಾವ ವಿಷಯ ತೆಗೆದುಕೊಳ್ಳುತ್ತೀರಿ ಎಂದು ಮೇಡಂ ಕೇಳಿದಾಗ ಉಳಿದ ಹುಡುಗರೆಲ್ಲ ದೊಡ್ಡ ದೊಡ್ಡ ಕವಿಗಳ ಹೆಸರು ಹೇಳಿದರಂತೆ. ಓಕ್ಕೊ ಹೇಳಿದ್ದು, “ನಾವು ಮಾಡಿನ ಮೇಲೆ ನಿಂತು ಹೇಳ್ತೇವಲ್ಲ ಮೇಡಂ, ಅದು.”

ಮನೆಯ ಪಕಾಸುಗಳು, ಮಾಡು ಹೊರುವ ಇಳಿಜಾರಿನ ಮರಗಳು, ಎದ್ದು ನಿಂತ ದಿನ ಬಡಗಿಗಳು ಮಾಡಿನ ನೆತ್ತಿಗೆ ಹಸುರಿನ ಹಾರ ಕಟ್ಟುತ್ತಾರೆ. ಮೇಸ್ತ್ರಿ ಮೇಲೆ ಹತ್ತಿ ನಿಂತು ಪದ್ಯ ಹೇಳುತ್ತಾನೆ. ಮನೆಯವರಿಗೆ, ಮನೆಗೆ, ಕೆಲಸಕ್ಕೆ ಹಾರೈಸಿ ಕುಡಿಯುತ್ತಾನೆ. ಕುಡಿದ ಗ್ಲಾಸನ್ನು ಕೆಳಗೆ ಎಸೆಯುತ್ತಾನೆ. ಅದು ಒಡೆಯಬೇಕು. ಒಡೆದರೆ ಮನೆಗೆ ಒಳ್ಳೆಯದು. ಒಡೆಯದಿದ್ದರೆ ಯಾರೂ ಏನೂ ಹೇಳುವುದಿಲ್ಲ, ಆದರೆ ಊಟ ಯಾರಿಗೂ ರುಚಿಸುವುದಿಲ್ಲ.

ಓಕ್ಕೊ ಹಳೆಯ ಮೊಪೆಡ್ ಹತ್ತಿ ಊರೂರು ತಿರುಗಿದ. ಮುದುಕ ಬಡಗಿಗಳ ಮುಂದೆ ಪುಟ್ಟ ರೆಕಾರ್ಡರು ಇಟ್ಟು ಪದ್ಯ ಹೇಳಿಸಿದ. ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ. ಎಲ್ಲರೂ ಹೇಳುವುದು ಒಂದೇ. ಅಚ್ಚಾದ ಪುಸ್ತಿಕೆ ಅಂಗಡಿಯಲ್ಲಿ ಸಿಗುತ್ತದೆ. ಎಲ್ಲರ ಅಪ್ಪಂದಿರೂ ಅದನ್ನೇ ಕೊಂಡು ಬಾಯಿಪಾಠ ಮಾಡಿದ್ದಾರೆ. ಅಚ್ಚಿಗೆ ಹೋಗದೆ ಬಾಯಿಂದ ಬಾಯಿಗೆ ಬಂದ ಪದ್ಯ ಒಂದೇ ಒಂದು ಉಳಿದಿತ್ತು, ನಮ್ಮೂರ ಮಾತಿನಲ್ಲಿ. ಅದು ಹಾಯೊ ಮೇಸ್ತ್ರಿಯದು. ಅವನ ಅಜ್ಜನಿಗೆ ಅವನ ಅಜ್ಜ ಹೇಳಿಕೊಟ್ಟದ್ದು.

“ನೀನು ಎಷ್ಟು ಸಲ ಕೇಳಿದ್ದೀ ಅದನ್ನು! ನೆನಪಿಲ್ವಾ?” ಎಂದೆ.

“ಮೇಲೆ ಅವನು ಪದ್ಯ ಹೇಳುವಾಗ ಕೆಳಗೆ ನಾನು ಬಿಯರ್ ನೋಡ್ತಾ ಇದ್ದೆ” ಎಂದ.

ಅರ್ಧ ನೆನಪಿತ್ತು. ಅರ್ಧ ಗಾಳಿ ಹೊತ್ತುಕೊಂಡು ಹೋಗಿತ್ತು. ಮೇಡಂ ಖಂಡಿತವಾಗಿ ಹೇಳಿದರು: ಆ ಪದ್ಯ ಪೂರ್ತಿ ಸಿಕ್ಕಿದರೆ ನಿಮ್ಮ ವಾದ ಗಟ್ಟಿಯಾಗಿ ನಿಲ್ಲುತ್ತದೆ. ಸಿಗದಿದ್ದರೆ ಗೋಡೆ ಎದ್ದಿದೆ, ಮಾಡು ಇಲ್ಲ. ಹೊಸ ವಿಷಯ ಹಿಡಿಯಬೇಕಾಗುತ್ತದೆ. ಓಕ್ಕೊಗೆ ಆಗ ಐವತ್ತೆಂಟು. ಹೊಸ ವಿಷಯ ಹಿಡಿಯುವ ವಯಸ್ಸಲ್ಲ. ಹಾಯೊಗೆ ಎಂಬತ್ತು ದಾಟಿತ್ತು.

ಇಬ್ಬರೂ ಹಾಯೊ ಮನೆಗೆ ಹೋದೆವು. ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಮೂರು ಸಲ ಕುಡಿಯಬೇಕು. ಮೂರನೆಯದು ಮುಗಿಯುವ ತನಕ ಬಂದ ಕೆಲಸ ಹೇಳಬಾರದು. ಸಕ್ಕರೆಯ ಹರಳು ಹಾಕಿ, ಬಿಸಿ ಚಹಾ ಹೊಯ್ದು, ಅದು ಚಟಪಟ ಎನ್ನುವುದು ಕೇಳಿ, ಮೇಲೆ ಕೆನೆ ಬಿಟ್ಟು, ಕಲಕದೆ ಕುಡಿಯಬೇಕು. ಮೂರು ಬಟ್ಟಲಿನ ತನಕ ಹಾಯೊ ಗಾಳಿಯ ಬಗ್ಗೆ ಮಾತಾಡಿದ. ಓಕ್ಕೊ ಕಾಲು ಕುಣಿಸುತ್ತಾ ಕೂತಿದ್ದ. ಆಮೇಲೆ ಕೇಳಿಯೇಬಿಟ್ಟ.

“ಮೇಸ್ತ್ರಿ, ನಿಮ್ಮ ಪದ್ಯ ಬೇಕಿತ್ತು.”

“ಯಾರ ಮನೆ ಏಳ್ತಾ ಉಂಟು?”

“ಯಾರದ್ದೂ ಇಲ್ಲ. ಪುಸ್ತಕಕ್ಕೆ.”

“ಪುಸ್ತಕಕ್ಕೆ ಮಾಡು ಉಂಟಾ?”

“ಇಲ್ಲ ಮೇಸ್ತ್ರಿ.”

“ಹಾಗಾದ್ರೆ ಪದ್ಯ ಎಂತಕ್ಕೆ? ನೆಲದ ಮೇಲೆ ಅದನ್ನು ಹೇಳಬಾರ್ದು. ಹೇಳಿದ್ರೆ ಎಲ್ಲೋ ಒಂದು ಕಡೆ ಯಾರದ್ದೋ ಮಾಡು ಕುಸೀತದೆ. ನನ್ನ ಅಜ್ಜ ಹೇಳಿದ್ದು.”

“ಕುರ್ಚಿ ಮೇಲೆ ನಿಂತು ಹೇಳಿ.”

“ಬೇಕಾದ್ರೆ ನೀನೇ ಹತ್ತಿ ಕುಣಿ” ಎಂದ ಹಾಯೊ. ಚಮಚ ತೆಗೆದು ಬಟ್ಟಲಿನೊಳಗೆ ನಿಲ್ಲಿಸಿದ. ನಮ್ಮಲ್ಲಿ ಅದರ ಅರ್ಥ ಸಾಕು, ಇನ್ನು ಹೊಯ್ಯಬೇಡಿ ಎಂದು. ಮನೆಯ ಯಜಮಾನನೇ ಹಾಗೆ ಮಾಡಿದರೆ ಎದ್ದು ಹೋಗಿ ಎಂದು.

ಬಾಗಿಲಲ್ಲಿ ಓಕ್ಕೊ ತಿರುಗಿ ನಿಂತ. “ಮೇಸ್ತ್ರಿ, ಈಗ ಮರದ ಮಾಡು ಯಾರು ಏರಿಸ್ತಾರೆ? ಫ್ಯಾಕ್ಟರಿಯಿಂದ ಲಾರೀಲಿ ಬರ್ತದೆ, ಕ್ರೇನು ಕೂರಿಸ್ತದೆ. ಕ್ರೇನು ಪದ್ಯ ಹೇಳುದಿಲ್ಲ.”

“ಗೊತ್ತುಂಟು. ಸಾವೂ ನನ್ನ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ಆಗಿದೆ. ಗೊತ್ತುಂಟು. ಆದ್ರೂ ನೆಲದ ಮೇಲೆ ಹೇಳುದಿಲ್ಲ.”

ಕಾಲುವೆಯ ಪಕ್ಕದ ದಾರಿಯಲ್ಲಿ ಮೊಪೆಡ್ ಮೇಲೆ ವಾಪಸ್ ಬಂದೆವು. ಓಕ್ಕೊನ ಬೆನ್ನು ನೋಡಿದರೇ ಅವನ ಬೇಸರ ಗೊತ್ತಾಗುತ್ತಿತ್ತು. ನಾನು ಅವನ ಕಿವಿಗೆ ಕೂಗಿ ಹೇಳಿದೆ, “ನನಗೊಂದು ಕೋಳಿಗೂಡು ಬೇಕು ಅಂತ ಮದುವೆ ಆದಾಗಿಂದ ಹೇಳ್ತಾ ಇದ್ದೇನೆ.”

“ಎಂತದು ಗೇಶೆ, ಈಗ ಕೋಳಿ ಸುದ್ದಿ!”

“ಕೋಳಿಗೂಡಿಗೆ ಮಾಡು ಇರ್ತದಲ್ಲ?”

ಮೊಪೆಡ್ ಕಾಲುವೆಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು.

ಅವನಿಗೆ ಹಾಯೊ ಹತ್ತಿರ ಕೇಳಲು ಧೈರ್ಯವಿಲ್ಲ. ಮರುದಿನ ನಾನೇ ಸುಲಿದ ಸೀಗಡಿ ಕಟ್ಟಿಕೊಂಡು ಹೋದೆ. ಮತ್ತೆ ಮೂರು ಬಟ್ಟಲು ಚಹಾ. ಆಮೇಲೆ ನೇರ ಕೇಳಿದೆ. “ಕೋಳಿಗೂಡಿನ ಮಾಡು ಮಾಡೇ ಹೌದಾ ಅಲ್ವಾ?”

ಹಾಯೊ ತುಂಬ ಹೊತ್ತು ಯೋಚಿಸಿದ. ಪಾದ್ರಿ ಕೂಡ ಇಷ್ಟು ಯೋಚಿಸುವುದಿಲ್ಲ.

“ಪಕಾಸು ಉಂಟಾ?”

“ಉಂಟು.”

“ಅದರ ಮೇಲೆ ಅಡ್ಡಕ್ಕೆ ರೀಪು?”

“ಅದೂ ಉಂಟು.”

“ಮರಕ್ಕೆ ಮರ ಕಚ್ಚು ಕೂರಿಸಿ ಗೂಟ ಬಡೀತಾನಾ, ಇಲ್ಲ ಮೊಳೆ ಹೊಡೀತಾನಾ?”

“ಗೂಟ. ಕಡೆಯ ಒಂದು ಬಿಟ್ಟು ಬೇರೆ ಮೊಳೆ ಇಲ್ಲ.”

“ಹಾರ ಬೇಕು. ಊಟ ಬೇಕು. ಊಟದಲ್ಲಿ ಕೈ ಬಿಗಿ ಮಾಡಿದ್ರೆ ನಮ್ಮ ಪದ್ಧತಿ ಗೊತ್ತುಂಟಲ್ಲ? ಹಾರದ ಜಾಗದಲ್ಲಿ ಪೊರಕೆ ಕಟ್ತೇನೆ. ಊರೆಲ್ಲ ನೋಡ್ತದೆ.”

“ನನ್ನ ಮನೆಯ ಪೊರಕೆಗೆ ಬೇರೆ ಕೆಲಸ ಉಂಟು” ಎಂದೆ. “ನೀವು ಪದ್ಯ ಸರಿ ಹೇಳದಿದ್ರೆ ಅದನ್ನೇ ಹಿಡ್ಕೊಂಡು ಬರ್ತೇನೆ.”

ಹಾಯೊ ನಕ್ಕ. ಚಮಚ ಮೇಜಿನ ಮೇಲೆಯೇ ಇತ್ತು. ನಾಲ್ಕನೆಯ ಬಟ್ಟಲು ಹೊಯ್ದ.

ಆ ಚಳಿಗಾಲ ಓಕ್ಕೊ ಮತ್ತೆ ಬಡಗಿಯಾದ. ಹಳೆಯ ಕೊಟ್ಟಿಗೆಯ ಓಕ್ ಮರದ ತೊಲೆಗಳನ್ನು ತಂದ. ಉಳಿ ಸಾಣೆ ಹಿಡಿದ. ಮಂಡಿಗೆ ಬಟ್ಟೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತು ಕಚ್ಚು ಕಡಿದ. ಬೆಳಿಗ್ಗೆ ಬರೆಯುವುದು, ಮಧ್ಯಾಹ್ನ ಕಡಿಯುವುದು. ಅಡುಗೆಮನೆಯ ಮೇಜಿನ ತುಂಬ ಕಾಗದ, ಕಾಗದದ ತುಂಬ ಮರದ ಹೊಟ್ಟು. ಅವನು ಶಿಳ್ಳೆ ಹಾಕುತ್ತಿದ್ದ. ಬಿದ್ದ ಮೇಲೆ ಅವನು ಶಿಳ್ಳೆ ಹಾಕಿದ್ದು ನಾನು ಕೇಳಿರಲಿಲ್ಲ.

ಟೇಡಾ ಬೇಲಿಯ ಮೇಲಿಂದ ನೋಡಿದಳು. “ಇಷ್ಟು ದಪ್ಪ ತೊಲೆ! ಕೋಳಿಗಾ, ಪಾದ್ರಿಗಾ?”

“ಮೊದಲು ಕೋಳಿಗೆ. ಜಾಗ ಉಳಿದ್ರೆ ಪಾದ್ರಿಗೆ” ಎಂದ ಓಕ್ಕೊ.

ಮೇ ತಿಂಗಳ ಒಂದು ಶನಿವಾರ ಮಾಡು ಏರಿಸುವುದೆಂದು ಆಯಿತು. ನಾನು ಬಟಾಣಿ ಸೂಪು ಮಾಡಿದೆ, ಹೊಗೆ ಹಾಕಿದ ಸಾಸೇಜು ಬೇಯಿಸಿದೆ, ಎರಡು ತಟ್ಟೆ ಬೆಣ್ಣೆ ಕೇಕೂ ಮಾಡಿದೆ. ಬಿಯರ್ ಕ್ರೇಟುಗಳನ್ನು ಗೋಡೆಯ ನೆರಳಲ್ಲಿ ಜೋಡಿಸಿದೆ. ಪೊರಕೆಯನ್ನು ಒಳಗೆ ಬಚ್ಚಿಟ್ಟೆ. ಟೇಡಾ ಬಣ್ಣದ ರಿಬ್ಬನ್ ತಂದು ಹಾರಕ್ಕೆ ಕಟ್ಟಿದಳು. ಮೇಡಂ ರೈಲಿನಲ್ಲಿ ಬಂದರು. ದೊಡ್ಡ ರೆಕಾರ್ಡರು, ದಪ್ಪ ಬೂಟು. ಹಳ್ಳಿಯೆಂದರೆ ಕೆಸರು ಎಂದುಕೊಂಡಿದ್ದರಂತೆ. ಅಂದು ಒಂದು ಹನಿ ಕೆಸರಿರಲಿಲ್ಲ. ಆ ಬೂಟು ಮಾತ್ರ ಒಳ್ಳೆಯದಾಯಿತು, ಆಮೇಲೆ ಹೇಳುತ್ತೇನೆ.

ಹಾಯೊ ಬಂದ. ಬಡಗಿಗಳ ಕಪ್ಪು ಕಾರ್ಡುರಾಯ್ ಕೋಟು, ಮುತ್ತಿನ ಗುಂಡಿ, ಅಗಲ ಟೋಪಿ. ಬಟ್ಟೆ ದೊಡ್ಡದಾಗಿತ್ತು, ಮನುಷ್ಯ ಚಿಕ್ಕವನಾಗಿದ್ದ. ಗೂಡಿನ ಸುತ್ತ ಒಂದು ಸುತ್ತು ಬಂದ. ಕಚ್ಚುಗಳಿಗೆ ಉಗುರು ಹಾಕಿ ನೋಡಿದ. ಉಗುರು ಎಲ್ಲೂ ಹೋಗಲಿಲ್ಲ.

“ಪುಸ್ತಕ ಓದಿ ಕೈ ಹಾಳಾಗ್ಲಿಲ್ಲ” ಎಂದ. ಅವನ ಬಾಯಿಂದ ಬಂದ ಹೊಗಳಿಕೆ ಅದೊಂದೇ.

ಗೂಡು ನನ್ನದು. ಹಾಗಾಗಿ ಕಡೆಯ ಮೊಳೆ ನಾನೇ ಹೊಡೆಯಬೇಕು. ಪೆಟ್ಟು ತಪ್ಪಿದಷ್ಟೂ ಬಡಗಿಗಳಿಗೆ ಬಿಯರ್ ಹೆಚ್ಚು. ಓಕ್ಕೊನ ಹಳೆಯ ಜೊತೆಗಾರರು ಅದಕ್ಕೇ ಕಾದು ನಿಂತಿದ್ದರು. ನಾನು ಒಂದೂ ತಪ್ಪಿಸಲಿಲ್ಲ. “ಇವಳನ್ನು ಅವತ್ತೇ ಕೆಲಸಕ್ಕೆ ತಗೊಳ್ಬೇಕಿತ್ತು” ಎಂದು ಒಬ್ಬ ಸಪ್ಪೆ ಮುಖ ಮಾಡಿದ.

ಗೂಡಿನ ನೆತ್ತಿ ನನ್ನ ತಲೆಗಿಂತ ಸ್ವಲ್ಪ ಎತ್ತರ. ಹಾಯೊ ಏಣಿ ಹತ್ತಿದ. ಹಿಂದಿನಿಂದ ಓಕ್ಕೊ.

“ಹಿಡ್ಕೊ. ಆದ್ರೆ ಹಿಡ್ದದ್ದು ಮೇಡಂಗೆ ಕಾಣಬಾರ್ದು.”

“ಎಲ್ಲಿ ಹಿಡಿಯುದು ಮೇಸ್ತ್ರಿ?”

“ಎಲ್ಲಿ ಮಾಂಸ ಉಂಟೋ ಅಲ್ಲಿ.”

“ಎಲ್ಲೂ ಇಲ್ಲ.”

ಹಾಯೊ ಕುದುರೆ ಹತ್ತಿದ ಹಾಗೆ ನೆತ್ತಿಯ ಎರಡೂ ಬದಿಗೆ ಕಾಲು ಹಾಕಿ ಕೂತ. ಟೋಪಿ ಸರಿ ಮಾಡಿಕೊಂಡ. ಗಾಳಿಗೆ ರಿಬ್ಬನ್‌ಗಳು ಪಟಪಟ ಎಂದವು. ಮೇಡಂ ಗುಂಡಿ ಒತ್ತಿದರು. ಹಾಯೊ ಬಾಯಿ ತೆರೆದ.

ಆ ದನಿ ಎಲ್ಲಿತ್ತೋ! ಚಹಾ ಕುಡಿಯುವಾಗ ಗೊಗ್ಗರಾಗಿದ್ದದ್ದು ಮೇಲೆ ಹೋದ ಕೂಡಲೇ ಗಂಟೆಯಂತಾಯಿತು. ಮೊದಲು ಮರಕ್ಕೆ ಹೇಳಿದ, ಆಮೇಲೆ ಗಾಳಿಗೆ, ಆಮೇಲೆ ನನಗೆ. ಮನೆಯ ಹೆಂಗಸಿಗೆ ಹೇಳುವ ಸಾಲು ಬಂದಾಗ ಅವನು ನೇರ ನನ್ನನ್ನೇ ನೋಡಿ ಹೇಳಿದ. ಟೇಡಾ ಮೂಗು ಒರೆಸಿಕೊಂಡಳು. ಓಕ್ಕೊ ಕೆಳಗೆ ತುಟಿ ಅಲ್ಲಾಡಿಸುತ್ತಾ ನಿಂತಿದ್ದ. ಈ ಸಲ ಅವನು ಬಿಯರ್ ನೋಡಲಿಲ್ಲ.

ಆ ಪದ್ಯ ಏನೆಂದು ಕೇಳಬೇಡಿ. ನಾನು ಇದನ್ನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇದು ನೆಲ.

ಪದ್ಯ ಮುಗಿಯಿತು. ಹಾಯೊ ಗ್ಲಾಸು ಎತ್ತಿ ಕುಡಿದ, ಎಸೆದ. ಎಂಬತ್ತು ದಾಟಿದವನ ಕೈ, ದೂರ ಹೋಗಲಿಲ್ಲ. ಗೂಡಿನ ಬಾಗಿಲಲ್ಲಿ ಕೋಳಿಗೆಂದು ನಾನೇ ಹಾಸಿದ್ದ ಹುಲ್ಲು ಇತ್ತು. ಗ್ಲಾಸು ಅದರ ಮೇಲೆ ಬಿದ್ದು, ಒಂದು ಉರುಳು ಉರುಳಿ, ಮೊಟ್ಟೆಯ ಹಾಗೆ ಕೂತಿತು.

ಒಡೆಯಲಿಲ್ಲ.

ಮೇಲೆ ಹಾಯೊನ ಮುಖ ಬಿಳುಚಿತು. ಓಕ್ಕೊನದು ಅದಕ್ಕಿಂತ ಹೆಚ್ಚು. ಗ್ಲಾಸಿನ ಬಗ್ಗೆ ಒಂದು ಪೂರ್ತಿ ಅಧ್ಯಾಯ ಬರೆದಿದ್ದ ಮನುಷ್ಯ ಅವನು. ಒಡೆಯದಿದ್ದರೆ ಕೇಡು ಎಂದು ಜನ ನಂಬುತ್ತಾರೆ, ಅದು ಏಕೆ ಎಂದು ಹತ್ತು ಕಾರಣ ಕೊಟ್ಟಿದ್ದ. ಈಗ ಜನರೆಂದರೆ ಅವನೇ.

ಮೇಡಂಗೆ ಇದು ಗೊತ್ತಾಗಲಿಲ್ಲ. ರೆಕಾರ್ಡರು ನೋಡುತ್ತಿದ್ದರು. ಪದ್ಯ ಪೂರ್ತಿ ಬಂದದ್ದು ಕಂಡು ಅವರಿಗೆ ಖುಷಿ. “ಓಕ್ಕೊ ಅವರೇ, ಸಿಕ್ತು! ಪೂರ್ತಿ ಸಿಕ್ತು!” ಎಂದು ಎರಡೂ ಕೈ ಚಾಚಿಕೊಂಡು ಅವನ ಕಡೆ ಓಡಿದರು.

ಕರಕ್.

ದಪ್ಪ ಬೂಟಿನ ಕೆಳಗೆ ಗ್ಲಾಸು ಪುಡಿಯಾಯಿತು.

“ಅಯ್ಯೋ ದೇವರೇ! ಕ್ಷಮಿಸಿ, ನಿಮ್ಮ ಗ್ಲಾಸು… ಒಳ್ಳೆ ಗ್ಲಾಸಾ ಇದು? ನಾನು ಬೇರೆ ತಂದ್ಕೊಡ್ತೀನಿ.”

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಆಮೇಲೆ ಯಾರಿಗೂ ನಿಲ್ಲಿಸಲಾಗಲಿಲ್ಲ. ಬಡಗಿಯೊಬ್ಬ ಮೇಡಂ ಅವರನ್ನು ಎತ್ತಿ ಕ್ರೇಟಿನ ಮೇಲೆ ಕೂರಿಸಿದ. ಟೇಡಾ ಮಾತ್ರ ಕೇಳಿದಳು, “ಇದು ಲೆಕ್ಕಕ್ಕೆ ಬರ್ತದಾ? ಬಿದ್ದು ಒಡೆದದ್ದಲ್ಲ, ತುಳಿದು ಒಡೆದದ್ದು.”

ಎಲ್ಲರೂ ಮೇಲೆ ನೋಡಿದರು. ಹಾಯೊ ಇನ್ನೂ ನೆತ್ತಿಯ ಮೇಲೆಯೇ ಇದ್ದ.

“ಗ್ಲಾಸು ಒಡೀಬೇಕು ಅಂತ ಉಂಟು” ಎಂದ. “ಯಾರು ಒಡೀಬೇಕು ಅಂತ ನನ್ನ ಅಜ್ಜ ಹೇಳ್ಲಿಲ್ಲ. ಮೇಡಂ ಕಾಲಿಗೊಂದು ಬಿಯರ್ ಕೊಡಿ. ನನ್ನನ್ನೂ ಯಾರಾದ್ರೂ ಇಳಿಸಿ, ಹಸಿವಾಗ್ತದೆ.”

ಸೂಪು ಒಂದು ಹನಿ ಉಳಿಯಲಿಲ್ಲ. ಪೊರಕೆಗೆ ಕೆಲಸವೂ ಬರಲಿಲ್ಲ.

ಅದಾಗಿ ಓಕ್ಕೊ ಮತ್ತೊಂದು ವರ್ಷ ಬರೆದ. ಪದ್ಯ ತಿದ್ದುವಾಗ ಗಟ್ಟಿಯಾಗಿ ಓದಬೇಕಲ್ಲ. ಆಗ ಮಾತ್ರ ಅಡುಗೆಮನೆಯ ಸ್ಟೂಲಿನ ಮೇಲೆ ಹತ್ತಿ ನಿಂತು ಓದುತ್ತಿದ್ದ.

“ಸ್ಟೂಲಿಗೆ ಮಾಡು ಉಂಟಾ?” ಎಂದು ನಾನು ಕೇಳುತ್ತಿದ್ದೆ.

“ಮೇಲೆ ನೋಡು, ಮನೆಯದ್ದು ಉಂಟಲ್ಲ. ನನ್ನ ಕಾಲು ನೆಲದ ಮೇಲಿಲ್ಲ, ಅಷ್ಟು ಸಾಕು.”

ಸಂಶೋಧಕನಂತೆ! ನಾನು ಆಲೂಗಡ್ಡೆ ಸುಲಿಯುತ್ತಾ ಆ ಪದ್ಯವನ್ನು ಎಷ್ಟು ಸಲ ಕೇಳಿದೆನೋ.

ಕಡೆಗೆ ವಿಶ್ವವಿದ್ಯಾಲಯದಲ್ಲಿ ಎಲ್ಲರ ಮುಂದೆ ನಿಂತು ತಾನು ಬರೆದದ್ದನ್ನು ವಾದಿಸುವ ದಿನ ಬಂತು. ಯಾರು ಬೇಕಾದರೂ ಹೋಗಿ ಕೇಳಬಹುದು. ನಾನು ಹೋದೆ, ಟೇಡಾ ಬಂದಳು, ಹಾಯೊ ಕೋಲೂರಿಕೊಂಡು ಟೋಪಿ ಹಾಕಿಕೊಂಡೇ ಬಂದ. ಎದುರು ಪ್ರೊಫೆಸರುಗಳು ಸಾಲಾಗಿ ಕೂತಿದ್ದರು. ಓಕ್ಕೊ ಎದ್ದು ನಿಂತ. ನಿಂತೇ ಇದ್ದ. ಮೂರು ಮಾಳಿಗೆ ಎತ್ತರದ ತೊಲೆಯ ಮೇಲೆ ಕೈಬಿಟ್ಟು ನಡೆದವನು ಸಿಮೆಂಟಿನ ನೆಲದ ಮೇಲೆ ನಿಂತು ನಡುಗಿದ. ಹೇಗೋ ಕಾಗದ ನೋಡಿ ಓದಿದ. ತಗ್ಗಿದ ತಲೆ ಎತ್ತಲಿಲ್ಲ. ಪ್ರಶ್ನೆ ಕೇಳಿದರೆ ಒಂದು ಮಾತು, ಎರಡು ಮಾತು, ಅಷ್ಟೇ. ಮೇಡಂ ಪೆನ್ನು ಕಚ್ಚುತ್ತಿದ್ದರು. ನಾನು ನನ್ನ ಕೈಚೀಲ ಹಿಂಡುತ್ತಿದ್ದೆ.

ಆಗ ಕೊನೆಯಲ್ಲಿ ಕೂತ ಕನ್ನಡಕದ ಪ್ರೊಫೆಸರು ಪುಟ ತಿರುಗಿಸಿದರು. “ಇಲ್ಲಿ ಒಂದು ಅಡಿಟಿಪ್ಪಣಿ ಇದೆ. ‘ಗ್ಲಾಸನ್ನು ಸಂಶೋಧನೆಯ ಮಾರ್ಗದರ್ಶಕರೂ ಒಡೆಯಬಹುದು.’ ಇದಕ್ಕೆ ಆಧಾರ ಏನು?”

ಓಕ್ಕೊ ತಲೆ ಎತ್ತಿದ. ಮೇಡಂ ಕೆಂಪಾದರು.

“ಆಧಾರ ನಿಮ್ಮ ಪಕ್ಕದಲ್ಲೇ ಕೂತಿದೆ ಸರ್” ಎಂದ. “ಬೂಟು ಇವತ್ತು ಬೇರೆ.”

ಮತ್ತೆ ಅವನನ್ನು ನಿಲ್ಲಿಸುವವರಿಲ್ಲ. ಗೂಡು, ಹುಲ್ಲು, ಗ್ಲಾಸು, ಹಾಯೊನ ತೀರ್ಪು ಎಲ್ಲ ಹೇಳಿದ. ಕೈ ಬೀಸಿ ಹೇಳಿದ, ನಮ್ಮೂರ ಮಾತಿನಲ್ಲಿ ಹೇಳಿ ಮತ್ತೆ ಶಾಲೆಯ ಮಾತಿನಲ್ಲಿ ಹೇಳಿದ. ಅಲ್ಲಿಂದಲೇ ತಿರುಗಿ, ಬಾಯಿಯ ಪದ್ಯ ಹೇಗೆ ಬದಲಾಗುತ್ತದೆ, ಅಚ್ಚಿನ ಪದ್ಯ ಹೇಗೆ ನಿಂತುಬಿಡುತ್ತದೆ, ಪದ್ಧತಿ ಮುರಿಯುವ ಹೊತ್ತಿಗೆ ಜನ ಅದನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ವಿವರಿಸಿದ. ಅದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಆದರೆ ನಾನು ಸೀಗಡಿ ಸುಲಿಯುವಾಗ ಎದುರು ಕೂತು ಓದುತ್ತಿದ್ದ ಆ ದನಿ ಅದು. ಅದು ನನಗೆ ಚೆನ್ನಾಗಿ ಗೊತ್ತು. ಅದು ಬಂದರೆ ಭಯವಿಲ್ಲ.

ಮುಗಿದಾಗ ಟಕಟಕ ಸದ್ದಾಯಿತು. “ಯಾರೋ ಬಾಗಿಲು ಬಡೀತಾರೆ” ಎಂದು ನಾನು ತಿರುಗಿದೆ. ಬಾಗಿಲಲ್ಲ. ಎಲ್ಲರೂ ಬೆರಳಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದರು. ಅಲ್ಲಿ ಚಪ್ಪಾಳೆ ತಟ್ಟುವುದಿಲ್ಲವಂತೆ. ಹಾಯೊ ನೋಡಿದ, ಒಪ್ಪಿಗೆಯಾಯಿತು, ಕೋಲಿನಿಂದ ನೆಲ ಕುಟ್ಟಿದ.

“ಮರ ಒಳ್ಳೇದುಂಟು” ಎಂದು ಮೇಜಿಗೆ ಬೆರಳು ಹಾಕಿ ನೋಡಿದ.

ನಮ್ಮನ್ನೆಲ್ಲ ಹೊರಗೆ ಕಳಿಸಿ ಒಳಗೆ ಮಾತಾಡಿಕೊಂಡರು. ಮತ್ತೆ ಕರೆದರು. ಪಾಸು. ಹೊರಗೆ ಅವನ ಜೊತೆ ಓದುವ ಹುಡುಗ ಹುಡುಗಿಯರು ಕಾದಿದ್ದರು. ರಟ್ಟಿನಲ್ಲಿ ಕಪ್ಪು ಟೋಪಿ ಮಾಡಿದ್ದರು, ಟೋಪಿಯ ಮೇಲೆ ಪುಟ್ಟ ಕೋಳಿಗೂಡು, ಗೂಡಿನ ಮೇಲೆ ಹಾರ, ಹಾರದ ಪಕ್ಕ ಒಂದು ಬೂಟು. ಅದನ್ನು ಅವನ ತಲೆಗೆ ಹಾಕಿ, ಕೈಗಾಡಿಯಲ್ಲಿ ಕೂರಿಸಿ ಬೀದಿಬೀದಿ ಎಳೆದರು. ಓಕ್ಕೊ ರಾಜನ ಹಾಗೆ ಕೈ ಬೀಸಿದ. ನಾನು ಗಾಡಿಯ ಹಿಂದೆ ಓಡಿದೆ. ಆ ವಯಸ್ಸಿನಲ್ಲಿ!

ಮನೆಗೆ ಬಂದರೆ, ಮೊದಲಿನ ರೈಲಿಗೇ ಬಂದಿದ್ದ ಟೇಡಾ ನಮ್ಮ ಬಾಗಿಲಿಗೆ ಹಲಗೆ ಹಾಕಿದ್ದಳು. ಮೊದಲೇ ಬರೆಸಿಟ್ಟಿದ್ದಳಂತೆ. ‘ಡಾ. ಓಕ್ಕೊ ಹಾರ್ಮ್ಸ್’. ಓಕ್ಕೊ ಬಾಗಿಲಿಗೆ ಚಾಚಿದ ಕೈಯನ್ನು ಹಿಂದೆಗೆದ.

“ತೆಗಿ ಟೇಡಾ! ಪುಸ್ತಕ ಅಚ್ಚಾಗಿ ಕಾಗದ ಕೈಗೆ ಬರುವ ತನಕ ಹಾಗೆ ಹಾಕಬಾರ್ದು. ಕಾನೂನು. ಪೊಲೀಸರು ಬರ್ತಾರೆ.”

“ನಿನ್ನನ್ನು ಕೈಗಾಡೀಲಿ ಎಳೆಯುವಾಗ ಎಲ್ಲಿದ್ರು ಪೊಲೀಸರು?”

ಟೇಡಾ ಅಳುವಂತಾದಳು. ಓಕ್ಕೊ ಸ್ಕ್ರೂ ಬಿಚ್ಚಿದ, ಹಲಗೆ ಎತ್ತಿಕೊಂಡು ಹಿತ್ತಲಿಗೆ ಹೋದ, ಕೋಳಿಗೂಡಿನ ಬಾಗಿಲ ಮೇಲೆ ಕೂರಿಸಿದ. “ಇಲ್ಲಿ ಇರ್ಲಿ. ಕೋಳಿಗಳಿಗೆ ಕಾನೂನಿಲ್ಲ.” ಆಮೇಲೆ ಪುಸ್ತಕ ಅಚ್ಚಾಯಿತು, ಕಾಗದ ಬಂತು. ಹಲಗೆಯನ್ನು ಮಾತ್ರ ಅಲ್ಲಿಂದ ಕದಲಿಸಲಿಲ್ಲ.

ಅಚ್ಚು ಹಾಕಲು ಹಾಯೊ ಒಪ್ಪಿದ್ದು ಒಂದು ಮಾತಿನ ಮೇಲೆ. “ಪುಸ್ತಕವನ್ನು ಎತ್ತರದಲ್ಲಿ ಇಡ್ಬೇಕು.” ಓಕ್ಕೊ ವಿಶ್ವವಿದ್ಯಾಲಯದ ಲೈಬ್ರರಿಗೆ ಪ್ರತಿಗಳನ್ನು ಕೊಟ್ಟು ಬಂದ ದಿನ ನೇರ ಅವನ ಮನೆಗೇ ಹೋದ.

“ಎಷ್ಟನೇ ಮಾಳಿಗೆ?”

“ಮೂರು, ಮೇಸ್ತ್ರಿ.”

“ಸಾಕು. ಕೋಳಿಗೂಡಿಗಿಂತ ಎತ್ತರ.”

ಆಮೇಲೆ ಓಕ್ಕೊ ಎರಡು ವರ್ಷ ಇದ್ದ. ಒಳ್ಳೆಯ ಎರಡು ವರ್ಷ. ಮಣ್ಣು ಮಾಡಿದ ದಿನ ನಾನು ಮತ್ತೆ ಬೆಣ್ಣೆ ಕೇಕು ಮಾಡಿದೆ. ನಮ್ಮಲ್ಲಿ ಮದುವೆಗೂ ಅದೇ, ಮಣ್ಣಿಗೂ ಅದೇ. ನಾನು ಒಂದು ತುಂಡೂ ತಿನ್ನಲಿಲ್ಲ.

ಈ ಫೆಬ್ರವರಿಯಲ್ಲಿ ಬಿರುಗಾಳಿ ಬಂತು. ಟೇಡಾಳ ಮನೆಯ ಬೀಚ್ ಜಾತಿಯ ದೊಡ್ಡ ಮರ ನಮ್ಮ ಹಿತ್ತಲಿಗೆ ಬಿತ್ತು. ಕೋಳಿಗೂಡಿನ ಗೋಡೆ ನಿಂತಿತು, ಮಾಡು ಹೋಯಿತು. ಬೆಳಿಗ್ಗೆ ಹೋಗಿ ನೋಡಿದೆ. ಅವನ ಕೈಯ ಕೆಲಸ ತುಂಡುತುಂಡಾಗಿ ಬಿದ್ದಿತ್ತು. ಅಕ್ಟೋಬರಿನಲ್ಲಿ ಅಳದವಳು ಅವತ್ತು ಅತ್ತೆ. ಕೋಳಿಗಳೆಲ್ಲ ಬದುಕಿದ್ದವು.

ಅವನ ಹಳೆಯ ಜೊತೆಗಾರರು ತಾವಾಗಿಯೇ ಬಂದರು. ಕಚ್ಚು, ಗೂಟ, ಎಲ್ಲ ಮೊದಲಿನ ಹಾಗೆಯೇ. ಮಾಡು ಏರುವ ಹಿಂದಿನ ದಿನ ನಾನು ಹಾಯೊ ಹತ್ತಿರ ಹೋದೆ. ಅವನು ಈಗ ಕುರ್ಚಿ ಬಿಟ್ಟು ಏಳುವುದಿಲ್ಲ.

“ಮೇಸ್ತ್ರಿ, ಇನ್ನೂ ಇದ್ದೀರಲ್ಲ.”

“ಗೇಟಿನ ಹತ್ತಿರ ನಿಂತಿದ್ದ ಆ ಸೈಕಲ್ ಪಂಕ್ಚರ್ ಆಗಿರ್ಬೇಕು” ಎಂದ. ಚಹಾ ಮೂರು ಬಟ್ಟಲು ಆಯಿತು. “ಪದ್ಯ ಯಾರು ಹೇಳ್ತಾರೆ? ಆ ಹುಡುಗರಿಗೆ ಬರುದಿಲ್ಲ.”

“ಅವರು ಹುಡುಗರಲ್ಲ ಮೇಸ್ತ್ರಿ, ಅರವತ್ತಾಯ್ತು.”

“ಅರವತ್ತಾದ್ರೂ ಬರುದಿಲ್ಲ.”

“ನನಗೆ ಬರ್ತದೆ” ಎಂದೆ.

ಅವನು ನನ್ನನ್ನು ನೋಡಿದ. ಹೆಂಗಸು ಹೇಳಬಾರದು ಎನ್ನುತ್ತಾನೆ ಎಂದುಕೊಂಡೆ. ಅವನು ಎದ್ದು ಹೋಗಲಾರದೆ ಕೈ ತೋರಿಸಿದ. ಬಾಗಿಲ ಹಿಂದೆ ಗೂಟಕ್ಕೆ ಅಗಲ ಟೋಪಿ ತೂಗುತ್ತಿತ್ತು.

“ತಗೊಂಡು ಹೋಗು. ಗಾಳಿಗೆ ಹಾರ್ತದೆ, ಗಲ್ಲದ ಕೆಳಗೆ ದಾರ ಕಟ್ಟು.”

ಸೂಪು ಮಾಡಿದೆ. ಕೇಕೂ ಮಾಡಿದೆ. ಮೇಡಂ ಅದೇ ಬೂಟು ಹಾಕಿಕೊಂಡು ಬಂದರು. ಟೇಡಾ ಏಣಿ ಹಿಡಿದಳು, ನನ್ನನ್ನು ಹಿಂದಿನಿಂದ ತಳ್ಳಿದಳು. “ಇಲ್ಲಿ ಹಿಡೀಲಿಕ್ಕೆ ಬೇಕಾದಷ್ಟು ಉಂಟು” ಎಂದಳು. ನೆತ್ತಿಯ ಮೇಲೆ ಕೂತೆ. ಅಲ್ಲಿಂದ ಕಟ್ಟೆ ಕಾಣುತ್ತದೆ, ಕಟ್ಟೆಯಾಚೆ ಒಂದು ಗೆರೆ ನೀರು ಕಾಣುತ್ತದೆ. ಅವನು ಹದಿನಾರರಿಂದ ಬೀಳುವ ತನಕ ದಿನವೂ ಇದನ್ನೇ ನೋಡಿದ್ದ. ನಾನು ನೋಡಿದ್ದು ಅದೇ ಮೊದಲು.

ಪದ್ಯ ಹೇಳಿದೆ. ಮರಕ್ಕೆ, ಗಾಳಿಗೆ. ಮನೆಯ ಹೆಂಗಸಿಗೆ ಹೇಳುವ ಸಾಲು ಬಂದಾಗ ಯಾರ ಕಡೆ ನೋಡುವುದು ಎಂದು ತಿಳಿಯಲಿಲ್ಲ. ಕೋಳಿಗಳ ಕಡೆ ನೋಡಿದೆ. ಒಂದು ಮಾತೂ ತಪ್ಪಲಿಲ್ಲ.

ಕುಡಿದು ಗ್ಲಾಸು ಎಸೆದೆ. ಈ ಸಲ ಹುಲ್ಲು ಸರಿಸಿ ಚಪ್ಪಟೆ ಕಲ್ಲೊಂದನ್ನು ನಾನೇ ಇಟ್ಟು ಬಂದಿದ್ದೆ. ಫಳ್ ಎಂದು ಒಡೆಯಿತು. ಕೋಳಿಗಳು ಕಿರುಚಿ ಚೆದುರಿದವು. ಮೇಡಂ ತಮ್ಮ ಬೂಟು ನೋಡಿಕೊಂಡು, “ಹಾಗಾದ್ರೆ ನಾನು ಬಂದಿದ್ದು ಊಟಕ್ಕೆ ಮಾತ್ರವಾ?” ಎಂದರು.

“ಹೌದು. ಕೂತು ಉಣ್ಣಿ” ಎಂದೆ.

ಎಲ್ಲರೂ ಮೇಜಿಗೆ ಹೋದ ಮೇಲೆ 'ಡಾ.' ಹಲಗೆಯನ್ನು ಒರೆಸಿ ಮತ್ತೆ ಬಾಗಿಲ ಮೇಲೆ ಕೂರಿಸಿದೆ. ಆಮೇಲೆ ಪೊರಕೆ ತಂದು ಗಾಜಿನ ಚೂರು ಗುಡಿಸಿದೆ, ಕೋಳಿಗಳ ಕಾಲಿಗೆ ಚುಚ್ಚಬಾರದಲ್ಲ. ಬಂದು ಬೆಣ್ಣೆ ಕೇಕು ತಿಂದೆ. ಎರಡು ತುಂಡು.